ಬಿಗಿಯಾದ ಕಾಲುಂಗುರ

ಅಂಗಳ ಸಾರಿಸಿ ರಂಗೋಲಿ ಎಳೆಯಲು ತುದಿಗಾಲಲ್ಲಿ ಕೂತಿದ್ದ ನೀಲವ್ವ "ಯವ್ವಾ!" ಎಂದು ಎದ್ದುಬಿಟ್ಟಳು. ಎಳೆ ಅರ್ಧಕ್ಕೇ ನಿಂತಿತು. ಅವಳನ್ನು ಕಚ್ಚಿದ್ದು ನಾನೇ. ನಾನು ಅವಳ ಬಲಗಾಲಿನ ಬೆಳ್ಳಿಯ ಕಾಲುಂಗುರ.

ನಾನು ಹುಟ್ಟಿದ್ದು ಬೈಲಹೊಂಗಲದ ಮಾನಪ್ಪ ಪತ್ತಾರರ ಕುಲುಮೆಯಲ್ಲಿ. ಮದುವೆಯ ದಿನ ನಾನು ಸಡಿಲವೆಂದು ದಾರ ಸುತ್ತಿ ತೊಡಿಸಿದ್ದರು. ಆಮೇಲೆ ನಾನು ಕಂಡಿದ್ದೆಲ್ಲ ನೆಲದ ಮಟ್ಟದ ಲೋಕ: ಹೊಲಿಗೆ ಯಂತ್ರದ ಪೆಡಲು, ಬಟ್ಟೆಯ ಚೂರು, ಅಂಬೆಗಾಲಿಡುತ್ತ ಬಂದು ನನ್ನನ್ನು ಚೀಪಲು ನೋಡಿದ ಮಗಳು ಮುಕ್ತಾ.

ಮುಕ್ತಾ ಶಾಲೆಗೆ ಸೇರುವ ಹೊತ್ತಿಗೆ ದಾರ ಬೇಡವಾಯಿತು. ರಂಗೋಲಿ ನಿಂತ ಆ ಬೆಳಿಗ್ಗೆ ನೀಲವ್ವ ಪತ್ತಾರರ ಅಂಗಡಿಗೆ ಹೋದಳು.

"ಗಂಡನ ಮನಿ ರೊಟ್ಟಿ ಮೈಗೆ ಹತ್ಯಾವ ತಂಗಿ" ಎಂದು ನಕ್ಕು ಅವರು ನನ್ನ ಬಾಯಿ ಅಗಲಿಸಿದರು. ಎರಡು ವರ್ಷ ಕಳೆದ ಮೇಲೆ ಬೆಳ್ಳಿಯ ತುಂಡು ಬೆಸೆದರು. ಅಷ್ಟರಲ್ಲಿ ಅವಳು ಗಂಡಸರ ಚಪ್ಪಲಿ ಮೆಟ್ಟುತ್ತಿದ್ದಳು. ಕತ್ತರಿಯ ಹಿಡಿಕೆಯಲ್ಲಿ ಹೆಬ್ಬೆರಳು ಹೋಗುತ್ತಿರಲಿಲ್ಲ. ರೊಟ್ಟಿ ತಿಂದರೆ ಎಲುಬು ಅಗಲವಾಗುವುದಿಲ್ಲ; ಅದು ನನಗೆ ಗೊತ್ತಿತ್ತು. ಬಾಯಿ ಇತ್ತು, ಮಾತಿರಲಿಲ್ಲ.

"ಬಿಚ್ಚಿಡತೇನ್ರಿ ಅತ್ತಿ, ಭಾಳ ನೋಯತೈತಿ."

"ಗಂಡ ಇರೋ ಹೆಣ್ಮಗಳು ಆಡೋ ಮಾತೇನ ಇದು? ಎಣ್ಣಿ ಹಚ್ಕೋ."

ಒಂದು ದಿನ ಶಾಲೆಯ ಗೇಟಿನಲ್ಲಿ ಮಕ್ಕಳು ನಕ್ಕರು. "ಮುಕ್ತಾ, ನಿಮ್ಮವ್ವನ ಮಾರಿ ಗಂಡಸರಂಗ ಆಗೈತಲ್ಲ!" ಅವತ್ತು ಮುಕ್ತಾ ಗೋಡೆಯ ಮೇಲಿದ್ದ ಅವ್ವನ ಮದುವೆಯ ಫೋಟೋ ತೆಗೆದು ಟ್ರಂಕಿನ ಅಡಿಗೆ ತಳ್ಳಿದಳು. ನೀಲವ್ವ ಹೊಲಿಗೆಯ ಮೇಲೆ ಬಗ್ಗಿದ್ದಳು; ಅವಳ ಕಾಲಲ್ಲಿದ್ದ ನಾನೊಬ್ಬನೇ ನೋಡಿದೆ.

ಮೂರು ವರ್ಷ ಕಳೆದವು. ನೀಲವ್ವನಿಗೆ ತಲೆನೋವು; ಪಕ್ಕದಲ್ಲಿ ಬಂದವರೂ ಕಾಣದಾದರು. ಕಣ್ಣಿನ ಡಾಕ್ಟರು ಅವಳ ದವಡೆ, ಕೈ ನೋಡಿ, "ಹಳೇ ಫೋಟೋ ಇದ್ರ ತರ್ರಿ" ಎಂದರು. ಮನೆಯವರು ಎಲ್ಲ ಕಡೆ ಹುಡುಕಿದರು. ಕೊನೆಗೆ ಮುಕ್ತಾ ಟ್ರಂಕಿನಡಿ ಕೈ ಹಾಕಿ ಫೋಟೋ ತೆಗೆದಳು.

ಫೋಟೋದ ಮುಖವನ್ನು ಈಗಿನ ಮುಖಕ್ಕೆ ಹೋಲಿಸಿ ನೋಡಿ ಡಾಕ್ಟರು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ಗ್ರಂಥಿ ಇರುತ್ತದಂತೆ. ಅದರಲ್ಲಿ ಗಂಟು ಬೆಳೆದು, ಮೈ ಬೆಳೆಸುವ ಹಾರ್ಮೋನು ಹೆಚ್ಚಾಗಿ ಸುರಿಯುತ್ತಿತ್ತಂತೆ. ಕ್ಯಾನ್ಸರ್ ಅಲ್ಲ, ಆದರೆ ಬಹಳ ತಡವಾಗಿದೆ ಎಂದು ಸ್ಕ್ಯಾನಿಂಗ್ ಮುಗಿದ ಮೇಲೆ ಹೇಳಿದರು. ಆ ಸ್ಕ್ಯಾನಿಂಗ್‌ಗೆ ಮೈಮೇಲೆ ಲೋಹ ಇರಬಾರದು. ನಾನು ಜಾರಲಿಲ್ಲ. ಅತ್ತೆಯೇ ಕೆಳಗೆ ಕೂತು ಸೊಸೆಯ ಪಾದ ಹಿಡಿದರು. "ಕತ್ತರಿಸ್ರಿ" ಎಂದರು. ಅವರ ಕಣ್ಣೀರು ನನ್ನ ಮೇಲೆ ಬಿತ್ತು.

ಮೂಗಿನೊಳಗಿಂದ ಗಂಟು ತೆಗೆದರು. ಈಗ ತಿಂಗಳಿಗೊಂದು ಇಂಜೆಕ್ಷನ್. ಊತ ಇಳಿದಿದೆ, ಬೆಳೆದ ಎಲುಬು ಹಾಗೇ ಇದೆ. ನೀಲವ್ವ ದೊಡ್ಡ ಹಿಡಿಕೆಯ ಕತ್ತರಿಯಲ್ಲಿ ಮತ್ತೆ ಕುಪ್ಪಸ ಕತ್ತರಿಸುತ್ತಾಳೆ. ಎರಡು ತುಂಡಾದ ನಾನು ಗುಂಡಿಗಳ ಡಬ್ಬಿಯಲ್ಲಿದ್ದೇನೆ. ಎಲ್ಲರಿಗಿಂತ ಮೊದಲು ತಿಳಿದದ್ದು ನನಗೆ. ಕಚ್ಚುವುದು ಬಿಟ್ಟು ಬೇರೇನೂ ನನ್ನಿಂದಾಗಲಿಲ್ಲ.

ಇವತ್ತು ಗುಂಡಿ ಹುಡುಕುತ್ತ ಮುಕ್ತಾಳ ಬೆರಳು ನನ್ನನ್ನು ತಾಕಿತು. ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಅವ್ವನ ಬಳಿಗೆ ಬಂದಳು. ಅವ್ವನ ಪೆಡಲು ನಿಂತಿತು.

"ಯವ್ವಾ, ಆ ಫೋಟೋ ಮುಚ್ಚಿಟ್ಟಾಕಿ ನಾನ. ನಿನ್ನ ಮಾರಿ ಬದಲಾಗೈತಿ ಅಂತ ಅವಾಗ್ಲೇ ಹೇಳಿದ್ರ, ನೀ ಮದಲಿನಂಗ ಇರತಿದ್ದಿಯೇನು?"