ಕಿವಿ ಮುಟ್ಟಿದ ಕೈ

ಮರೆಮ್ಮನ ಅರ್ಜಿಯಲ್ಲಿ ಹುಟ್ಟಿದ ತಾರೀಖಿನ ಜಾಗ ಒಂದು ಬಿಟ್ಟು ಉಳಿದದ್ದೆಲ್ಲ ತುಂಬಿತ್ತು. ಧಾರವಾಡದ ಕಡೆಯ ಆ ವಸತಿ ಶಾಲೆ ವರ್ಷಕ್ಕೆ ನಲವತ್ತೇ ಹುಡುಗಿಯರನ್ನು ಎಂಟನೆಯ ಇಯತ್ತೆಗೆ ತೆಗೆದುಕೊಳ್ಳುತ್ತಿತ್ತು. ಪರೀಕ್ಷೆಗೆ ಕೂರುವವರು ಸಾವಿರಕ್ಕೂ ಮೇಲೆ. ಮರೆಮ್ಮ ಪಾಸಾಗುವಳೆಂಬುದರಲ್ಲಿ ಕಮಲಾಕ್ಷ ಮಾಸ್ತರರಿಗೆ ಅನುಮಾನವಿರಲಿಲ್ಲ. ಮರಾಠಿ ಸೀಮೆಯ ಠಾಣೆ ಪಟ್ಟಣದಲ್ಲಿ ಮರೆಮ್ಮ ಓದುತ್ತಿದ್ದ ಕನ್ನಡ ಶಾಲೆಯಲ್ಲಿ ಇಪ್ಪತ್ತು ವರ್ಷ ಕಲಿಸಿದ ಉಡುಪಿಯ ಮನುಷ್ಯ ಅವರು, ಸುಮ್ಮನೆ ಹೊಗಳುವವರಲ್ಲ.

ಅಡ್ಡಿ ಬಂದದ್ದು ವಯಸ್ಸಿನದು. ೧೯೬೯ರ ಜುಲೈ ಒಂದರ ನಂತರ ಹುಟ್ಟಿದವರು ಮಾತ್ರ ಅರ್ಜಿ ಹಾಕಬಹುದಿತ್ತು. ಶಾಲೆಯ ರಿಜಿಸ್ಟರಿನಲ್ಲಿ ಮರೆಮ್ಮ ಹುಟ್ಟಿದ್ದು ಜೂನ್ ಒಂದಕ್ಕೆ.

"ಒಂದೇ ಒಂದು ತಿಂಗಳು ಮಾರಾಯ್ತಿ," ಎಂದರು ಮಾಸ್ತರರು. "ಸರಿಯಾಗಿ ನೆನಪು ಮಾಡಿ ಹೇಳು. ಹುಟ್ಟಿದ್ದು ಯಾವಾಗ?"

"ಪಂಚಮಿ ಮರುದಿನರೀ," ಎಂದಳು ಮರೆಮ್ಮನ ತಾಯಿ ಸಾಬವ್ವ. ತಲೆ ಎತ್ತಲಿಲ್ಲ. "ಊರಾಗ ಜೋಕಾಲಿ ಇನ್ನಾ ಬಿಚ್ಚಿದ್ದಿಲ್ಲ."

"ಅಂದರೆ ಆಗಸ್ಟ್. ಮತ್ತೆ ಅವತ್ತು ಶಾಲೆಗೆ ಸೇರಿಸುವಾಗ ಆರು ತುಂಬಿತು ಅಂತ ಯಾಕೆ ಹೇಳಿದೆ?"

ಯಾಕೆಂಬುದು ಅವಳಿಗೆ ನಿನ್ನೆಯಷ್ಟೇ ನಡೆದಂತೆ ನೆನಪಿತ್ತು. ಅದುವರೆಗೆ ಕಟ್ಟಡದ ಕೆಲಸಕ್ಕೆ ಹೋದಲ್ಲೆಲ್ಲ ಮಗಳನ್ನು ಮರಳಿನ ಗುಡ್ಡೆಯ ಮೇಲೆ ಕೂರಿಸಿಕೊಂಡು ದುಡಿದವಳು ಅವಳು. ೧೯೭೫ರ ಜೂನಿನಲ್ಲಿ ವಾಗ್ಳೆ ಎಸ್ಟೇಟಿನ ಔಷಧಿ ಕಂಪನಿಯಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ಕಿತು. ಗೇಟಿನೊಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಗಂಡ ಶಿವರಾಯ ಶಹಾಡದಲ್ಲಿ ಹಮಾಲಿ, ಬೆಳಕು ಹರಿಯುವ ಮೊದಲೇ ಗಾಡಿ ಹಿಡಿಯುವವನು. ಶಾಲೆಯೊಂದೇ ದಾರಿ. ಕಾಗದಪತ್ರವಿಲ್ಲದ ಮಕ್ಕಳಿಗೆ ಅಲ್ಲಿ ಒಂದು ಪರೀಕ್ಷೆಯಿತ್ತು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿತು, ಇಲ್ಲವಾದರೆ ಮುಂದಿನ ವರ್ಷ ಬಾ. ಹಿಂದಿನ ದಿನವೆಲ್ಲ ಸಾಬವ್ವ ಮಗಳಿಗೆ ಕುತ್ತಿಗೆ ವಾಲಿಸುವುದನ್ನು ಕಲಿಸಿದ್ದಳು. ಬೆರಳ ತುದಿ ಮುಟ್ಟಿತು. ಮಾಸ್ತರರು ಇಂಥ ಮಕ್ಕಳಿಗೆಲ್ಲ ಬರೆಯುವಂತೆ ಜೂನ್ ಒಂದು ಎಂದು ಬರೆದರು.

ಅಂದು ವಯಸ್ಸಿಗೆ ಎಳೆದು ಸೇರಿಸಿದ ಎರಡೂವರೆ ತಿಂಗಳು ಈಗ ಅಡ್ಡ ನಿಂತಿತ್ತು.

ಸಾಬವ್ವ ಅಲೆಯತೊಡಗಿದಳು. ಊರಿನಲ್ಲಿದ್ದ ತಮ್ಮ ಸಿದ್ರಾಮನಿಗೆ ಕಾಗದ ಬರೆಸಿದಳು. ಸೂಲಗಿತ್ತಿ ತೀರಿಹೋಗಿದ್ದಾಳೆ, ಪಂಚಾಯತಿ ಪುಸ್ತಕದಲ್ಲಿ ಆ ವರ್ಷ ಹುಟ್ಟಿದ ಹೆಣ್ಣುಮಕ್ಕಳ ಹೆಸರೇ ಇಲ್ಲ ಎಂದು ಉತ್ತರ ಬಂತು. ಕೋರ್ಟಿನ ಮುಂದೆ ಟೈಪು ಕುಟ್ಟುವವನ ಹತ್ತಿರ ಅಫಿಡವಿಟ್ ಮಾಡಿಸಿ, ಅಂದು ನಾನು ಸುಳ್ಳು ಹೇಳಿದೆ ಎಂಬ ಮಾತಿನ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಅದನ್ನು ಹಿಡಿದು ಶಿಕ್ಷಣ ಕಚೇರಿಗೆ ಮೂರು ಸಲ ಹೋದಳು. ಮೂರನೆಯ ಸಲ ಗುಮಾಸ್ತ ಕಾಗದವನ್ನು ಬಿಡಿಸಿಯೂ ನೋಡಲಿಲ್ಲ.

"ಬಾಯಿ, ಜನ್ಮ್ ದಾಖಲಾ ಆಣಾ. ನುಸ್ತಾ ಅಂಗಠಾ ನಕೋ," ಎಂದ. ಜನನದ ದಾಖಲೆಯೇ ಬೇಕು, ಬರಿಯ ಹೆಬ್ಬೆಟ್ಟು ಅವನಿಗೆ ಸಾಲದು.

ಕಾಲು ಎಳೆಯುತ್ತ ಮನೆಗೆ ಬಂದರೆ ಮರೆಮ್ಮ ಚಿಮಣಿ ಒರೆಸುತ್ತಿದ್ದಳು.

"ಹುವಾ ಕ್ಯಾ?" ಕೆಲಸ ಆಯಿತೇ ಎಂದು ಕೇಳಿದಳು.

"ಇಲ್ಲವ್ವ."

"ನೀನೇ ಅಲ್ಲಾ ಸುಳ್ಳು ಹೇಳಿದಾಕಿ," ಎಂದಳು ಮರೆಮ್ಮ, ಚಿಮಣಿಯಿಂದ ಕಣ್ಣು ತೆಗೆಯದೆ. ಸಾಬವ್ವ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೀರು ಕುಡಿದಳು.

ಅರ್ಜಿಯ ಕೊನೆಯ ದಿನಕ್ಕೆ ಮೊದಲು ಅವಳು ಒಬ್ಬಳೇ ಶಾಲೆಗೆ ಹೋದಳು. ಮಾಸ್ತರರು ಹಳೆಯ ರಿಜಿಸ್ಟರ್ ಬಿಚ್ಚಿ ಕೂತಿದ್ದರು. ೧೯೭೫ರ ಪುಟದಲ್ಲಿ ಮೇಲಿನಿಂದ ಕೆಳಗಿನವರೆಗೆ 1-6-69, 1-6-69.

"ಆ ಆರನ್ನ ಎಂಟು ಮಾಡ್ರಿ ಸರ," ಎಂದಳು ಸಾಬವ್ವ. "ಸುಳ್ಳಲ್ಲರೀ. ಖರೇನ ಅದು ಎಂಟನೇ ತಿಂಗಳ."

ಮಾಸ್ತರರು ಪೆನ್ನಿನ ಕ್ಯಾಪು ತೆಗೆದೇ ಇಟ್ಟಿದ್ದರು. ಬಹಳ ಹೊತ್ತಿನಿಂದ ತೆಗೆದಿಟ್ಟಂತಿತ್ತು, ನಿಬ್ಬು ಒಣಗಿತ್ತು.

"ನನಗೂ ಹೊಳೆದದ್ದೇ, ನಾಚಿಕೆಯಾಗ್ತದೆ ಹೇಳ್ಲಿಕ್ಕೆ," ಎಂದರು. "ಆದರೆ ಪಕ್ಕದಲ್ಲಿ ಅಕ್ಷರದಲ್ಲೂ ಬರೆದದ್ದು ಉಂಟು. ನಾನೇ ಬರೆದದ್ದು. ಜೂನ್ ಒಂದು."

ಇಬ್ಬರೂ ಆ ಅಕ್ಷರಗಳನ್ನು ನೋಡಿದರು. ಸಾಬವ್ವನಿಗೆ ಓದು ಬಾರದು. ಆದರೂ ನೋಡಿದಳು.

ಮಾಸ್ತರರು ರಿಜಿಸ್ಟರಿನ ತಾರೀಖನ್ನೇ ಹಾಕಿ, ಅಫಿಡವಿಟ್ ಸೇರಿಸಿ, ಮೇಲೊಂದು ಉದ್ದದ ವಿನಂತಿ ಪತ್ರ ಬರೆದು ಅರ್ಜಿ ಕಳಿಸಿದರು. ಇಪ್ಪತ್ತು ದಿನಕ್ಕೆ ಎಲ್ಲವೂ ಮಡಿಚಿದ ಹಾಗೆಯೇ ಹಿಂದೆ ಬಂತು. ವಯೋಮಿತಿ ಮೀರಿದೆ, ಅಷ್ಟೇ. ಮರೆಮ್ಮ ಅಳಲಿಲ್ಲ. ಪರೀಕ್ಷೆಗೆಂದು ಬಿಡಿಸುತ್ತಿದ್ದ ಲೆಕ್ಕದ ವಹಿಯಲ್ಲಿ ಉಳಿದ ಹಾಳೆಗಳನ್ನು ತಂಗಿ ಬಾಲಮ್ಮನಿಗೆ ಚಿತ್ರ ಬರೆಯಲು ಕೊಟ್ಟಳು.

ಜೂನ್ ಬಂತು. ಬಾಲಮ್ಮನನ್ನು ಶಾಲೆಗೆ ಸೇರಿಸಲು ಸಾಬವ್ವ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದಳು. ಇಷ್ಟು ದಿನ ಈ ಸಣ್ಣದನ್ನು ನೋಡಿಕೊಳ್ಳುತ್ತಿದ್ದ ನೆರೆಮನೆಯ ಮುದುಕಿ ಊರಿಗೆ ಹೊರಟುಹೋಗಿದ್ದಳು.

ಮಾಸ್ತರರು ಏನೂ ಕೇಳುವ ಮೊದಲೇ ಬಾಲಮ್ಮ ಬಲಗೈ ಎತ್ತಿ, ಕುತ್ತಿಗೆ ವಾಲಿಸಿ, ಎಡಗಿವಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಓಹೋ, ಯಾರು ಕಲಿಸಿದ್ದು?"

"ಅಕ್ಕ," ಎಂದಿತು ಬಾಲಮ್ಮ. ಮರೆಮ್ಮ ಗೋಡೆಯ ನಕ್ಷೆಯ ಕಡೆ ತಿರುಗಿಕೊಂಡಳು.

ಮಾಸ್ತರರು ಪೆನ್ನು ಹಿಡಿದು ಸಾಬವ್ವನ ಮುಖ ನೋಡಿದರು. "ಮುಟ್ಟಿತು. ಬರೆಯಲಾ?"

ಬಾಟಲಿ ತೊಳೆದು ತೊಳೆದು ಬಿರಿದ ಬೆರಳುಗಳಿಂದ ಅವಳು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಸಿವಿಲ್ ಆಸ್ಪತ್ರೆಯ ಚೀಟಿ. ಈ ಮಗಳು ಹುಟ್ಟಿದ್ದು ಇಲ್ಲೇ ಠಾಣೆಯಲ್ಲಿ.

"ಅಕ್ಟೋಬರಿಗೆ ಆರು," ಎಂದರು ಮಾಸ್ತರರು ಅದನ್ನು ಓದಿ. "ಈ ವರ್ಷ ಆಗೂದಿಲ್ಲ ಹಾಗಾದರೆ. ಇಡೀ ದಿನ ಇವಳನ್ನು ಯಾರು ನೋಡ್ತಾರೆ?"

"ಎರಡನೇ ಪಾಳಿ ಕೇಳ್ತೀನ್ರಿ. ಮುಂಜಾನಿ ನಾ ಇರ್ತೀನಿ, ಮಧ್ಯಾಹ್ನ ಮರೆಮ್ಮ ಹೈಸ್ಕೂಲಿಂದ ಬರ್ತಾಳ. ಮುಂದಿನ ವರ್ಷ ಬರ್ತೀವ್ರಿ ಸರ."

ಸುಪರ್‌ವೈಸರ್ ಎರಡನೇ ಪಾಳಿ ಕೊಡುತ್ತಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಚೀಟಿಯನ್ನು ಮತ್ತೆ ಗಂಟು ಹಾಕುವಾಗ ಮರೆಮ್ಮ ಬಂದು, "ಅದು ನನ್ನ ಕಡೆ ಕೊಡು, ನೀ ಕಳಕೋತಿ," ಎಂದು ಇಸಿದುಕೊಂಡು ತನ್ನ ಪುಸ್ತಕದೊಳಗೆ ಇಟ್ಟಳು. ಎಷ್ಟೋ ದಿನಗಳ ಮೇಲೆ ಅವಳಾಗಿಯೇ ಆಡಿದ ಮಾತು.

ಹೊರಗೆ ಸಣ್ಣಗೆ ಮಳೆ ಶುರುವಾಗಿತ್ತು. ಮೂವರೂ ರಸ್ತೆಗಿಳಿದು ಬಹಳ ದೂರ ನಡೆದ ಮೇಲೆ ಬಾಲಮ್ಮ ಕೇಳಿತು:

"ಅವ್ವಾ, ಬಿಡಲೇನು?"

ಕೈ ಇನ್ನೂ ಕಿವಿಯ ಮೇಲೆಯೇ ಇತ್ತು.

"ಬಿಡು ನನ್ನವ್ವ," ಎಂದಳು ಸಾಬವ್ವ. "ಕೈ ನೋಯ್ತದ."