ಶಾಲಿನ ಕೆಳಗಿನ ಕೈ

ಬೆವರು, ನನ್ನದಲ್ಲ, ಮುದುಕನದು, ಅಂಗೈಯೆಲ್ಲ ಒದ್ದೆ, ಶಾಲಿನ ಕೆಳಗೆ ನನ್ನ ನಾಲ್ಕು ಬೆರಳು ಹಿಡಿದುಕೊಂಡಿದ್ದಾನೆ, ಬಿಡುತ್ತಿಲ್ಲ — ಸನ್ಮಾನದ ಶಾಲು, ರಾಮನಗರದ ರೇಷ್ಮೆ, ಹೊದಿಸಿದ್ದು ನಮ್ಮ ನಿಯೋಗದ ಮುಖ್ಯಸ್ಥೆ ಮೇಡಂ, ಜಾರದಂತೆ ಸರಿಮಾಡಲು ಕೈ ಹಾಕಿದವನು ನಾನು, ದುಭಾಷಿ ಎಂದರೆ ಮದುವೆಮನೆಯ ಭಾವನ ಹಾಗೆ, ಎಲ್ಲ ಕೆಲಸಕ್ಕೂ ಬೇಕು — ಬಿಡದಿಯ ಈ ರೆಸಾರ್ಟಿನಲ್ಲಿ ಕೂತು ಮೂರು ದಿನ, ಫೋನು ಗೇಟಿನಲ್ಲೇ ಇಸಿದುಕೊಂಡರು, ಕಿಟಕಿಗೆಲ್ಲ ದಪ್ಪ ಪರದೆ, ಪತ್ರಿಕೆಯವರಿಗೆ ಸುಳಿವು ಸಿಗಬಾರದಂತೆ, ಯಾರೂ ಮಾತಾಡಿಸದ ದೇಶದೊಂದಿಗೆ ನಾವು ಮಾತಾಡುತ್ತಿರುವುದು ಯಾರಿಗೂ ತಿಳಿಯಬಾರದಂತೆ, ಮೂರು ದಿನವೂ ಆ ದೇಶದ ಪರವಾಗಿ ಬಂದ ಈ ಮುದುಕ ಮೇಜು ಗುದ್ದಿದ, ನಮ್ಮ ಹತ್ತಿರ ಅಣುಬಾಂಬ್ ಇದೆ, ನೆನಪಿರಲಿ ಎಂದು, ಗುದ್ದನ್ನು ಅನುವಾದಿಸುವ ಹಾಗಿಲ್ಲ, ಮಾತನ್ನಷ್ಟೇ ದಾಟಿಸಿದೆ, ಆದರೆ ಗುದ್ದುವಾಗ ಅವನ ಕಣ್ಣು ನಮ್ಮ ಮೇಲೆ ಇರಲೇ ಇಲ್ಲ, ಬಾಗಿಲ ಬಳಿ ನಿಂತ ಅವನದೇ ದೇಶದ ಕಪ್ಪು ಕೋಟಿನವನ ಮೇಲಿತ್ತು, ಎಲ್ಲವನ್ನೂ ಬರೆದುಕೊಳ್ಳುವವನ ಮೇಲೆ, ಆಗಲೇ ನನಗೆ ಅರ್ಥವಾಗಬೇಕಿತ್ತು, ಹೆದರಿಸುವವನೇ ಹೆದರಿದ್ದಾನೆ ಎಂದು, ಆಗಲಿಲ್ಲ. ನನಗೆ ನೆನಪಾದದ್ದು ಅಪ್ಪ, ಕೈಲಾಂಚದ ಬೋರಲಿಂಗಯ್ಯ, ದನದ ದಲ್ಲಾಳಿ, ಕನಕಪುರದ ಸಂತೆಯಲ್ಲಿ ಟವೆಲ್ಲಿನ ಒಳಗೆ ಕೈ ಇಟ್ಟು ಬೆರಳು ಹಿಡಿದೇ ವ್ಯಾಪಾರ ಮುಗಿಸುತ್ತಿದ್ದ, ಸುತ್ತ ನಿಂತವರಿಗೆ ಒಂದೂ ತಿಳಿಯದು, ನಾಲ್ಕು ಜನರ ಮುಂದೆ ಬಾಯಿಬಿಟ್ಟು ಬೆಲೆ ಹೇಳಿದೋನು ಇಳಿಯಕಾಗಲ್ಲ ಕಣ್ಲಾ ಕೃಷ್ಣ, ಇಳುದ್ರೆ ಮಾನ ಹೋಯ್ತದೆ, ಟವೆಲ್ಲೊಳಗಾದ್ರೆ ಇಳುದ್ರೂ ಯಾರ್ಗೂ ಕಾಣಲ್ಲ — ಇನ್ನೂ ಒಂದು ಹೇಳುತ್ತಿದ್ದ, ಹಾಯೋ ಎತ್ತು ಕಟ್ಕಂಡೋನ ಹಟ್ಟಿಗೆ ಯಾರೂ ಕಾಲಿಕ್ಕಲ್ಲ, ಅವನೂ ಅದನ್ನ ಬುಟ್ಟು ಎಲ್ಗೂ ಹೋಗಂಗಿಲ್ಲ — ದಿಲ್ಲಿಯಲ್ಲಿ ಎರಡು ವರ್ಷ ಓದಿದ್ದೆಲ್ಲ ಅಪ್ಪನ ಆ ಎರಡು ಮಾತಿನಷ್ಟೂ ಇರಲಿಲ್ಲ.

ಅದಕ್ಕೇ ಶಾಲು ಸರಿಮಾಡುವ ನೆಪದಲ್ಲಿ ಒಳಗೆ ಅವನ ಕೈ ಹಿಡಿದೆ, ಅವನ ಭಾಷೆಯಲ್ಲಿ ಪಿಸುಗುಟ್ಟಿದೆ, ಅಡುಗೆಯವನನ್ನು ಬಿಟ್ಟುಬಿಡಿ, ಅವನ ತಾಯಿ ಗೇಟಿನ ಹೊರಗೆ ಕೂತಿದ್ದಾಳೆ — ವಹಾಬ್, ಸರಕು ಹಡಗಿನ ಅಡುಗೆಯವನು, ಎಂಜಿನ್ ಕೆಟ್ಟು ಹಡಗು ಅವರ ನೀರಿಗೆ ತೇಲಿ ಹೋದದ್ದೇ ತಪ್ಪು, ಉಳಿದವರೆಲ್ಲ ಬಂದರು, ಇವನೊಬ್ಬನನ್ನು ಗೂಢಚಾರ ಎಂದು ಹಿಡಿದುಕೊಂಡು ಹನ್ನೊಂದು ತಿಂಗಳು — ಅವನ ತಾಯಿ ಅಕ್ಬರಿ ಬೇಗಂ ರೇಷ್ಮೆ ನೂಲು ತೆಗೆಯುವ ಕೆಲಸ ಬಿಟ್ಟು ಮೂರು ದಿನದಿಂದ ಗೇಟಿನಲ್ಲಿದ್ದಾಳೆ, ಅವಳಿಗೆ ಯಾರು ಹೇಳಿದರೋ, ನಾನೇ ಹೇಳಿದೆ, ಹೇಳಬಾರದಿತ್ತು, ಕೃಷ್ಣಪ್ಪಣ್ಣ, ನನ್ ಮಗಂಗೆ ಸಾರಿಗೆ ಉಪ್ಪು ಹಾಕೋದೇ ನೆನಪಿರಲ್ಲ, ಅವನು ಯಾವ ಗುಟ್ಟು ಕದಿತಾನೆ, ಬೆಳಿಗ್ಗೆ ಹಾಗೆಂದು ನಕ್ಕಳು, ನಕ್ಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುದುಕ ನನ್ನ ಕೈ ಕೊಡವಲಿಲ್ಲ, ತಿರುಗಿ ಹಿಡಿದುಕೊಂಡ, ತುಟಿ ಅಲ್ಲಾಡದ ಹಾಗೆ ಹೇಳಿದ, ಅವನ ಬಿಡುಗಡೆಗೆ ಬೆಳಿಗ್ಗೆಯೇ ಸಹಿ ಹಾಕಿದ್ದೇನೆ, ನನ್ನನ್ನು ಇಲ್ಲೇ ಉಳಿಸಿಕೊಳ್ಳಿ, ಈ ಸಲ ಹೋದರೆ ನನ್ನನ್ನು ಜೀವಸಹಿತ ಬಿಡುವುದಿಲ್ಲ, ನಿಮ್ಮ ಮೇಡಂಗೆ ಹೇಳು, ಈಗಲೇ — ಅಪ್ಪಾ, ಟವೆಲ್ಲಿಗೆ ಕೈ ಇಕ್ಕೋ ಮುಂಚೆ ಹಗ್ಗ ಯಾರ ಕೈಲೈತೆ ನೋಡ್ಲಾ ಅನ್ನುತ್ತಿದ್ದೆಯಲ್ಲ, ನೋಡಲಿಲ್ಲ, ಇವನು ಎತ್ತಿನ ಯಜಮಾನನೇ ಅಲ್ಲ, ಎತ್ತಿನ ಜೊತೆಗೆ ಕಟ್ಟಿ ಹಾಕಿರುವವನು, ಇವನು ಇಲ್ಲಿ ಉಳಿದ ಸುದ್ದಿ ಮುಟ್ಟಿದರೆ ಸಹಿ ಹಾಕಿದ ಕಾಗದ ಹರಿಯುತ್ತಾರೆ, ವಹಾಬ್ ಇನ್ನೂ ಅಲ್ಲೇ ಇದ್ದಾನೆ, ಅವರ ಸೆರೆಕೋಣೆಯಲ್ಲಿ, ಕೋಪಕ್ಕೆ ಮೊದಲು ಸಿಗುವವನು ಅವನೇ, ಇವನು ಹೋದರೆ ಇವನು — ಕೈ ಎಳೆದುಕೊಂಡರೆ ಶಾಲು ಜಾರುತ್ತದೆ, ಕಪ್ಪು ಕೋಟಿನವನು ಎರಡು ಹೆಜ್ಜೆ ಮುಂದೆ ಬಂದಿದ್ದಾನೆ, ಕಡತಕ್ಕೆಂದು ಕರೆಸಿದ ನಮ್ಮದೇ ಇಲಾಖೆಯ ಫೋಟೋದವನು ಒಸಿ ಇತ್ಲಾಗೆ ತಿರುಗಿ ಸಾರ್, ಒಸಿ ನಗಿ ಎನ್ನುತ್ತಿದ್ದಾನೆ, ಮೇಡಂ ನನ್ನ ಕಡೆ ಬಗ್ಗಿದರು, ಏನಂದ್ರು ಕೃಷ್ಣಪ್ಪ, ಏನೋ ಹೇಳಿದ ಹಾಗಿತ್ತು, ಇಪ್ಪತ್ತು ವರ್ಷದಲ್ಲಿ ಒಂದು ಮಾತನ್ನೂ ನಾನು ನುಂಗಿದವನಲ್ಲ, ಬಾಯಿ ತೆರೆದೆ, ಶಾಲು ಬೆಚ್ಚಗಿದೆ ಅಂತಿದ್ದಾರೆ ಮೇಡಂ. ಮೇಡಂ ನಕ್ಕರು, ಮುದುಕನ ಕಡೆ ತಿರುಗಿ ಕೈ ಮುಗಿದರು, ತಲೆಯಾಡಿಸಿದರು, ಮುದುಕ ಅದನ್ನು ನೋಡಿದ, ನನ್ನನ್ನು ನೋಡಿದ, ಮಾತು ತಲುಪಿತು ಎಂದುಕೊಂಡ, ಒಪ್ಪಿದರು ಎಂದುಕೊಂಡ, ಮೂರು ದಿನದಲ್ಲಿ ಮೊದಲ ಸಲ ನಕ್ಕ, ಫೋಟೋದವನು ಒತ್ತಿದ, ಬೆಳಕು, ಇನ್ನೊಂದು ಸಲ ಬೆಳಕು, ಶಾಲಿನ ಕೆಳಗೆ ಒದ್ದೆ ಅಂಗೈ, ನನ್ನ ಬೆರಳುಗಳನ್ನು ಮೆಲ್ಲಗೆ ಅದುಮುತ್ತಿದ್ದಾನೆ, ಉಪಕಾರ ನೆನೆಯುವವನ ಹಾಗೆ, ಅದುಮುತ್ತಿದ್ದಾನೆ, ಬಿಡುತ್ತಿಲ್ಲ, ಅದುಮುತ್ತಲೇ ಇದ್ದಾನೆ —