ಬೆನ್ನು ನೋಡುತ್ತ ನಡೆದವಳು

ಗುಡ್ಡ ಹತ್ತಲು ಹೊರಟ ನಾಲ್ವರಲ್ಲಿ ಮೂವರು ಗುಡ್ಡ ನೋಡುತ್ತಿದ್ದರು, ಒಬ್ಬಳು ಮಾತ್ರ ಆ ಮೂವರ ಬೆನ್ನು ನೋಡುತ್ತಿದ್ದಳು. ಅವಳು ದರ್ಜಿ. ಗೆಳೆಯರ ಬಾಯಲ್ಲಿ ಅವಳ ಹೆಸರು ಸೂಜಿ. ಮೈಕಟ್ಟು ಸಣ್ಣದೆಂದೋ, ಮಾತು ಚುಚ್ಚುತ್ತದೆಂದೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ.

ಬಸ್ಸು ಅವರನ್ನು ಕಣಿವೆಯ ಕೊನೆಯ ನಿಲ್ದಾಣದಲ್ಲಿ ಇಳಿಸಿ ಹೋದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಮಳೆ ಮಾತ್ರ ಅವರಿಗಿಂತ ಮೊದಲೇ ಎದ್ದು ಕೆಲಸ ಶುರುಮಾಡಿತ್ತು. ಗುಡ್ಡದ ಈ ಮಗ್ಗುಲಲ್ಲಿ ಹತ್ತಿ, ನೆತ್ತಿಯುದ್ದಕ್ಕೂ ನಡೆದು, ಸಂಜೆಗೆ ಆ ಮಗ್ಗುಲಲ್ಲಿ ಇಳಿದು ಕೊನೆಯ ಬಸ್ಸು ಹಿಡಿಯಬೇಕು.

"ಇಂಥ ಮಳೇಲಿ ನಾಯೀನೂ ಹೊರಗೆ ಬರಲ್ಲ," ಎಂದರು ಭಾವ. ಅವರು ಸೂಜಿಯ ಅಕ್ಕನ ಗಂಡ, ಬಸ್ಸಿನ ಡ್ರೈವರು. "ಇರೋದೊಂದು ರಜಾ. ಅದನ್ನೂ ನಾದಿನಿಗೆ ಕೊಟ್ಟೆ."

"ಬಿಸಿಲಿದ್ದಿದ್ರೆ ನಿಮ್ಮನ್ನ ಕರೀತಾನೇ ಇರ್ಲಿಲ್ಲ ಭಾವ," ಎಂದಳು ಸೂಜಿ.

ನಿಜವೇ, ಅವಳು ಕಾದಿದ್ದೇ ಮಳೆಗೆ. ಮೂವರ ಮೈಮೇಲಿದ್ದ ರೇನ್‌ಕೋಟುಗಳೂ ಅವಳು ಹೊಲಿದವು. ಇಷ್ಟು ವರ್ಷ ಅವಳ ಅಂಗಡಿಗೆ ಬರುತ್ತಿದ್ದದ್ದು ಕಿತ್ತ ಜಿಪ್ಪು, ಉದ್ದವಾದ ಪ್ಯಾಂಟು, ಹರಿದ ಜೇಬು. ಈಗ ಗುಡ್ಡದ ಊರುಗಳಿಗೆ ಕಾಗದ ಹಂಚುವ ಅಂಚೆಯವರು ಬಂದು ಕೇಳಿದ್ದರು: ಅಂಗಡಿಯಲ್ಲಿ ಕೊಂಡ ಕೋಟೆಲ್ಲ ಸೋರುತ್ತೆ, ನೀವು ಹೊಲಿದು ಕೊಡ್ತೀರಾ? ನಾಳೆ ಬೆಳಗ್ಗೆ ಅವರಿಗೆ ಹೂಂ ಅನ್ನಬೇಕು, ಇಲ್ಲವೇ ಉಹೂಂ. ಹೂಂ ಅಂದರೆ ಅವಳು ರಿಪೇರಿಯವಳಲ್ಲ, ಬಟ್ಟೆ ಮಾಡುವವಳು. ಹೂಂ ಅಂದು ಕೋಟು ಸೋರಿದರೆ, ಇರುವ ಜಿಪ್ಪಿನ ಕೆಲಸಕ್ಕೂ ಜನ ಬೇರೆ ಬಾಗಿಲು ಹುಡುಕುತ್ತಾರೆ.

ಬಟ್ಟೆಯ ಚಿಂತೆಯಿರಲಿಲ್ಲ, ಅದು ನೀರು ಕುಡಿಯದ ಬಟ್ಟೆ. ಚಿಂತೆಯೆಲ್ಲ ಹೊಲಿಗೆಯದು. ಸೂಜಿ ಹೋದಲ್ಲೆಲ್ಲ ತೂತು, ತೂತಿದ್ದಲ್ಲೆಲ್ಲ ನೀರು. ಅದಕ್ಕೇ ಮೂರು ಕೋಟುಗಳಿಗೆ ಮೂರು ಬಗೆ ಮಾಡಿದ್ದಳು. ಭಾವನ ಕೋಟಿನ ಹೊಲಿಗೆಗೆ ಮೇಣ ತಿಕ್ಕಿದ್ದಳು. ಬೇಕರಿಯಕ್ಕನದಕ್ಕೆ ಒಳಗಿನಿಂದ ಪಟ್ಟಿ ಇಟ್ಟು ಇಸ್ತ್ರಿಯಲ್ಲಿ ಅಂಟಿಸಿದ್ದಳು. ಮೇಷ್ಟ್ರದಕ್ಕೆ ಬರೀ ಎರಡು ಮಡಿಕೆ ಹಾಕಿ ಬಿಗಿಯಾಗಿ ಹೊಲಿದಿದ್ದಳು. ತನಗೆ ಮಾತ್ರ ಹಳೇ ಕೊಡೆ, ಅದರದೊಂದು ಕಡ್ಡಿ ಮುರಿದಿತ್ತು. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ.

ಹಾದಿ ಕಲ್ಲಿನ ಗೋಡೆಗಳ ನಡುವೆ ಏರುತ್ತಿತ್ತು. ಮಂಜು ಒಮ್ಮೆ ಇಡೀ ಇಳಿಜಾರನ್ನೇ ನುಂಗಿ, ಮರುಗಳಿಗೆ ಎರಡು ಕುರಿಗಳನ್ನು ಮಾತ್ರ ಉಗುಳುತ್ತಿತ್ತು. ಮುಂದೆ ಭಾವ. ತಿರುವು ಬಂದಾಗಲೆಲ್ಲ ಹಿಂದೆ ಬಸ್ಸು ಬರುತ್ತಿದೆಯೇನೋ ಎಂಬಂತೆ ತಿರುಗಿ ನೋಡುವರು. ಅವರ ಹಿಂದೆ ಬೇಕರಿಯಕ್ಕ. ಸೂಜಿಯ ಅಂಗಡಿಗೂ ಅವಳ ಬೇಕರಿಗೂ ಒಂದೇ ಗೋಡೆ, ಒಲೆ ಹೊತ್ತಿದರೆ ಈಚೆಗೂ ಬೆಚ್ಚಗೆ. ಅವಳ ಹಿಂದೆ ಲೆಕ್ಕದ ಮೇಷ್ಟ್ರು, ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನಕ್ಷೆ. ಕಟ್ಟಕಡೆಗೆ ಸೂಜಿ.

"ಭಾವ, ಒಳಗೆ ಹೇಗಿದೆ?"

"ತಾಯಿ ಮಡಿಲಲ್ಲಿದ್ದ ಹಾಗಿದೆ!"

"ಅಕ್ಕಾ?"

"ಒಂದು ಹನಿ ಇಲ್ಲ ಕಣೇ. ಮುಂದೆ ನೋಡಿ ನಡಿ, ಬಿದ್ದೀಯ."

"ಮೇಷ್ಟ್ರೇ?"

"ಭೇಷಾಗಿದೆಯಮ್ಮ," ಎಂದ ಮೇಷ್ಟ್ರ ದನಿಯಲ್ಲಿ ಉಸಿರೇ ಇರಲಿಲ್ಲ.

ಅವಳಿಗೆ ಯಾಕೋ ಸಮಾಧಾನವಾಗಲಿಲ್ಲ. ಬೇಕರಿಯಕ್ಕನ ಮುಖ ಒಲೆಯೊಳಗೆ ಇಣುಕಿದಾಗಿನಂತೆ ಕೆಂಪಾಗಿತ್ತು. ಹೆಜ್ಜೆಗೊಮ್ಮೆ ಎಲ್ಲಿಂದಲೋ ಚರಪರ ಸದ್ದು ಬರುತ್ತಿತ್ತು. ತಾನು ಕೋಟುಗಳಿಗೆ ಬಳಸಿದ ಬಟ್ಟೆ ಹಾಗೆ ಸದ್ದು ಮಾಡುವುದಿಲ್ಲ. ಅದೇನೆಂದು ಕಿವಿಗೊಟ್ಟರೆ ಹಳ್ಳದ ಮೊರೆತ ಬಂದು ಮುಚ್ಚಿಬಿಡುತ್ತಿತ್ತು.

ಆ ಹಳ್ಳ ದಾಟುವಾಗ ಸೂಜಿಯ ಬೂಟು ಕೆಸರಲ್ಲಿ ಹೂತು, ಅದನ್ನು ಕಿತ್ತು ತೊಳೆದು ಹಾಕಿಕೊಳ್ಳುವಷ್ಟರಲ್ಲಿ ಉಳಿದವರು ಮೇಲಿನ ಕುರಿಯವರ ತಗಡಿನ ಗುಡಿಸಲು ಸೇರಿದ್ದರು. ಇವಳು ಬಾಗಿಲಿಗೆ ಬಂದಾಗ ಮೂವರೂ ಚೀಲದ ಮೇಲೆ ಬಗ್ಗಿದ್ದವರು ಥಟ್ಟನೆ ನೆಟ್ಟಗೆ ನಿಂತರು. ಬೆಲ್ಲ ಕದ್ದ ಮಕ್ಕಳ ಹಾಗೆ ಕಂಡರು.

"ಕೋಟು ಬಿಚ್ಚಿ ನೋಡೋಣ."

"ಮೊದ್ಲು ಚಹಾ ಕುಡಿಯೇ," ಎಂದಳು ಬೇಕರಿಯಕ್ಕ.

"ಬಿಚ್ಚಿ ಅಂದೆ."

ಬಿಚ್ಚಿದರು. ಭಾವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಹಿಂಡಿದರೆ ಲೋಟ ತುಂಬುವಷ್ಟು ನೀರು. ಬೇಕರಿಯಕ್ಕನದೂ ಹಾಗೇ, ಮೇಷ್ಟ್ರದೂ ಹಾಗೇ. ಸೂಜಿ ಮೂಲೆಯಲ್ಲಿದ್ದ ಮರದ ದಿಮ್ಮಿಯ ಮೇಲೆ ಕುಸಿದಳು. ನಾಳೆ ಉಹೂಂ ಅನ್ನುವುದು ಹೇಗೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೂ ನೋಡಿದಳು.

ಆದರೆ ಅವಳ ಕಣ್ಣು ಸುಮ್ಮನಿರುವ ಕಣ್ಣಲ್ಲ. ಮೂರು ಬಗೆಯ ಹೊಲಿಗೆ, ಮೂರೂ ಒಂದೇ ಥರ ಸೋತವೇ? ಅದು ಹೇಗೆ? ಎದ್ದು ಭಾವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು.

"ಅತಿ ಒದ್ದೆ ಇರೋದು ಬೆನ್ನಿನ ನಡುವೆ. ಅಲ್ಲಿ ನಾನು ಹೊಲಿಗೇನೇ ಹಾಕಿಲ್ಲ, ಒಂದೇ ತುಂಡು. ಇಲ್ಲಿಗೆ ನೀರು ಎಲ್ಲಿಂದ ಬಂತು?"

ಕೋಟನ್ನು ಒಳಗು ಹೊರಗು ಮಾಡಿ, ಬಟ್ಟೆಯ ಮೇಲೆ ನಿಂತ ಹನಿಯೊಂದನ್ನು ಬೆರಳಲ್ಲಿ ತೆಗೆದು ನಾಲಿಗೆಗಿಟ್ಟಳು.

"ಥೂ, ಏನೇ ಇದು!" ಎಂದಳು ಬೇಕರಿಯಕ್ಕ.

"ಉಪ್ಪಗಿದೆ! ಇದು ಮಳೆಯಲ್ಲ, ಬೆವರು!"

"ಹತ್ತೋ ದಾರಿ, ಬೆವರದೆ ಇರ್ತೀವಾ?" ಎಂದರು ಭಾವ.

"ಇಷ್ಟೊಂದಾ? ಇಂಥ ಚಳಿಗಾ?" ಎನ್ನುತ್ತಿದ್ದವಳ ಕಣ್ಣು ಮೇಷ್ಟ್ರ ಚೀಲದ ಮೇಲೆ ನಿಂತಿತು. ಅದರ ಬಾಯಿಂದ ಒಂದು ನೀಲಿ ಮೀನಿನ ಬಾಲ ಇಣುಕುತ್ತಿತ್ತು. ಎಳೆದಳು. ಮೀನಿನ ಹಿಂದೆ ಇನ್ನೊಂದು ಮೀನು, ಅದರ ಹಿಂದೆ ಆಮೆ, ಕೊನೆಗೆ ಕಂಬಿಗೆ ಸಿಕ್ಕಿಸುವ ಉಂಗುರಗಳ ಸಮೇತ ಇಡೀ ಬಚ್ಚಲುಮನೆಯ ಪರದೆ ಹೊರಬಂತು.

"ಮನೇಲಿ ಕೇಳದೆ ತಂದಿದೀನಮ್ಮ," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ. "ಹರೀಬೇಡ."

ಆಮೇಲೆ ಉಳಿದವೂ ಹೊರಬಂದವು. ಬೇಕರಿಯಕ್ಕನ ಚೀಲದಲ್ಲಿ ಹಿಟ್ಟಿನ ಮೂಟೆಯ ಪ್ಲಾಸ್ಟಿಕ್ಕು, ತಲೆಗೂ ಕೈಗೂ ಕತ್ತರಿಸಿದ್ದು. ಭಾವನದು ಬಸ್ಸಿನ ಸೀಟಿಗೆ ಹೊದಿಸುವ ಹಾಳೆ. ಮೂವರೂ ಕೋಟಿನೊಳಗೆ ಸುತ್ತಿಕೊಂಡು ಬಂದಿದ್ದರು, ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲವಂತೆ. ಬೇಯುವುದು ತಡೆಯಲಾರದೆ ಗುಡಿಸಲಿಗೆ ಓಡಿ ಬಂದು ಬಿಚ್ಚುವಾಗಲೇ ಮೂವರೂ ಒಬ್ಬರನ್ನೊಬ್ಬರು ಹಿಡಿದದ್ದು.

"ಅಂದ್ರೆ ಕೋಟು ಸೋರುತ್ತೆ ಅಂತ ನಿಮಗೆಲ್ಲ ಮೊದಲೇ ಗ್ಯಾರಂಟಿ!"

"ಹಾಗಲ್ಲ ಕಣೇ," ಎಂದಳು ಬೇಕರಿಯಕ್ಕ. "ಅಕಸ್ಮಾತ್ ಸೋರಿದ್ರೆ ನಿನ್ನ ಮುಖ ನೋಡೋಕಾಗಲ್ಲ ಅಂತ."

"ಅಂಚೆಯವರೇನು ನನ್ನ ನೆಂಟರಾ, ಒಳಗೆ ಮೀನಿನ ಪರದೆ ಸುತ್ಕೊಂಡು ಚೆನ್ನಾಗಿದೆ ಅನ್ನೋಕೆ?" ಎಂದಳು ಸೂಜಿ, ಪರದೆಯನ್ನು ಮೇಷ್ಟ್ರ ಕೈಗೆ ತುರುಕುತ್ತ. "ಅರ್ಧ ದಿನ ಹೋಯ್ತು. ನನಗೆ ಏನೂ ಗೊತ್ತಾಗಲೇ ಇಲ್ಲ."

ತಗಡಿನ ಮೇಲೆ ಮಳೆ ಹುರಿಗಾಳಿನಂತೆ ಸಿಡಿಯುತ್ತಿತ್ತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನಕ್ಷೆ ಬಿಚ್ಚಿದರು. "ಇನ್ನರ್ಧ ದಿನ ಇದೆಯಲ್ಲಮ್ಮ. ನೆತ್ತಿ ಮೇಲೆ ಮರ ಇಲ್ಲ, ಗೋಡೆ ಇಲ್ಲ. ನೆನೆಯೋಕೆ ಅದಕ್ಕಿಂತ ಒಳ್ಳೇ ಜಾಗ ಬೇಕಾ?"

ರೊಟ್ಟಿಯ ತುಂಡು, ಬೇಯಿಸಿದ ಮೊಟ್ಟೆ, ಚಹಾ ಮುಗಿಸಿ ಮೂವರೂ ಚೀಲದಲ್ಲಿದ್ದ ಬೇರೆ ಒಣ ಅಂಗಿ ತೊಟ್ಟು, ಅದರ ಮೇಲೆ ಬರೀ ಕೋಟು ಹಾಕಿ ಹೊರಟರು. ಈಗ ಸೂಜಿ ಕೇಳಬೇಕಾಗಿಯೇ ಇರಲಿಲ್ಲ. ನೆತ್ತಿಯ ಗಾಳಿ ಮಳೆಯನ್ನು ಅಡ್ಡಕ್ಕೆ ಹೊಡೆಯತೊಡಗಿದ್ದೇ ತಡ, ಬೇಕರಿಯಕ್ಕ ಕೂಗಿದಳು.

"ಬಂತು ಕಣೇ! ಎಡ ಭುಜ!"

ಸೂಜಿ ಓಡಿದಳು. ಚೀಲದ ಪಟ್ಟಿ ತಿಕ್ಕಿ ತಿಕ್ಕಿ ಒಳಗೆ ಅಂಟಿಸಿದ್ದ ಪಟ್ಟಿ ಸಿಪ್ಪೆಯಂತೆ ಎದ್ದಿತ್ತು. ಮೇಷ್ಟ್ರದು ತಡವಾಗಿ, ಸಂಜೆಯ ಹೊತ್ತಿಗೆ, ಕಂಕುಳ ಹಿಂದೆ. "ನಿಧಾನಕ್ಕೆ ಬರ್ತಾ ಇದೆ. ಆದರೆ ಬರ್ತಾ ಇದೆ," ಎಂದು ಅವರು ಹುಡುಗರ ಮಾರ್ಕು ಹೇಳುವ ದನಿಯಲ್ಲೇ ಹೇಳಿದರು.

ಭಾವ ಮಾತ್ರ ಹೆಜ್ಜೆ ಜೋರು ಮಾಡಿದರು.

"ನಿಜ ಹೇಳಿ ಭಾವ. ನನ್ನಕ್ಕನ ಆಣೆ."

"ಅವಳನ್ನ ಯಾಕೆ ಎಳೀತೀಯ! ಬೆನ್ನು, ಭುಜ, ತೋಳು ಎಲ್ಲ ಒಣಗೇ ಇದೆ. ಕುತ್ತಿಗೆಲಿ ಮಾತ್ರ ಯಾರೋ ಚಮಚದಲ್ಲಿ ನೀರು ಹುಯ್ದ ಹಾಗಾಗುತ್ತೆ. ಹುಯ್ತಾರೆ, ನಿಲ್ಲಿಸ್ತಾರೆ."

ಮೇಣ ಹೊಲಿಗೆಯನ್ನು ಕಾಪಾಡಿತ್ತು, ಮತ್ತೆ ಕುತ್ತಿಗೆಗೆ ನೀರು ಬರುವುದಾದರೂ ಎಲ್ಲಿಂದ? ಸೂಜಿ ಕೊಡೆ ಮಡಿಸಿ ಕಂಕುಳಲ್ಲಿಟ್ಟು ಮಳೆಯಲ್ಲೇ ನಿಂತಳು.

"ಸುಮ್ಮನೆ ನಡೀರಿ. ನಾನು ನೋಡ್ತೀನಿ."

ಭಾವ ನಡೆದರು. ತಿರುವು ಬಂತು, ಅಭ್ಯಾಸಬಲ, ಹಿಂದೆ ನೋಡಿದರು. ತಲೆ ತಿರುಗಿತು, ಕೋಟಿನ ಟೊಪ್ಪಿ ತಿರುಗಲಿಲ್ಲ. ಅವರ ಅರ್ಧ ಮುಖ ಟೊಪ್ಪಿಯೊಳಗೆ ಮುಚ್ಚಿಹೋಗಿ, ಇನ್ನೊಂದು ಬದಿ ಬಾಯಿ ತೆರೆದಂತಾಗಿ, ಮಳೆ ಸೀದಾ ಕೊರಳಿಗಿಳಿಯಿತು.

"ಅಲ್ಲೇ ನಿಲ್ಲಿ!"

ಹೊಲಿಗೆಯದಲ್ಲ, ಕತ್ತರಿಯದು ತಪ್ಪು! ಎಷ್ಟು ದಿನ ತೂತಿನ ಬಗ್ಗೆಯೇ ಯೋಚಿಸಿದಳು, ತಲೆ ತಿರುಗುತ್ತದೆ ಎಂಬುದನ್ನೇ ಮರೆತಿದ್ದಳು. ಬಾಗಿಲು ಬಾಗಿಲಿಗೆ ಹೋಗುವ ಅಂಚೆಯವರು, ಹಿಂದೆ ಬೊಗಳುವ ನಾಯಿ, ಅತ್ತ ಇತ್ತ ನೋಡದೆ ಇರುತ್ತಾರೆಯೇ? ತನ್ನ ಕೊರಳಪಟ್ಟಿಯಲ್ಲಿ ಸದಾ ಸಿಕ್ಕಿಸಿಕೊಂಡಿರುವ ಪಿನ್ನು ತೆಗೆದು ಬಾಯಲ್ಲಿ ಕಚ್ಚಿ, ಟೊಪ್ಪಿಯ ಹಿಂಭಾಗ ಹಿಡಿದು ಒಂದು ನೆರಿಗೆ ಮಡಿಸಿದಳು.

"ಪಿನ್ನು ಚುಚ್ತೀಯಾ? ಮತ್ತೆ ತೂತು!" ಎಂದರು ಭಾವ.

"ಇದು ನಿಮ್ಮ ಕೋಟು. ಅಂಚೆಯವರದಕ್ಕೆ ಹೊಲಿದು ಮೇಣ ಹಚ್ತೀನಿ. ಎಡಕ್ಕೆ ತಿರುಗಿ. ಬಲಕ್ಕೆ. ಇನ್ನೂ ಸ್ವಲ್ಪ."

ಟೊಪ್ಪಿ ತಲೆಯ ಜೊತೆಗೇ ತಿರುಗಿತು. ಬೇಕರಿಯಕ್ಕ, ಮೇಷ್ಟ್ರು ಇಬ್ಬರೂ ತಮ್ಮ ತಮ್ಮ ಸೋರಿಕೆ ಮರೆತು, ಬಾಯಿ ತೆರೆದು ನೋಡುತ್ತಿದ್ದರು.

"ಹಚ್ತೀನಿ ಅಂದ್ಯಲ್ಲ, ಅಂದ್ರೆ ಹೂಂ ಅಂತಾನಾ?" ಎಂದಳು ಬೇಕರಿಯಕ್ಕ.

ಸೂಜಿ ಉತ್ತರಿಸುವಷ್ಟರಲ್ಲಿ ಕೆಳಗೆ ಮಂಜಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಮೇಷ್ಟ್ರು ಗಾಬರಿಯಾದರು. "ಕೊನೇ ಬಸ್ಸು!"

"ಅವನು ನನ್ನ ಶಿಷ್ಯ, ನಾನು ಬರದೆ ಗಾಡಿ ಎತ್ತಲ್ಲ," ಎಂದರು ಭಾವ, ಸದ್ದು ಬಂದ ಕಡೆ ತಿರುಗಿ ನೋಡುತ್ತ. ಆಮೇಲೆ ಬೇಕೆಂದೇ ಇನ್ನೊಂದು ಸಲ ತಿರುಗಿದರು, ಈ ಕಡೆಗೆ, ಆ ಕಡೆಗೆ.

"ಹೂಂ," ಎಂದಳು ಸೂಜಿ, ಅವರ ಕೊರಳೊಳಗೆ ಬೆರಳು ಹಾಕಿ ಒದ್ದೆಯಿದೆಯೇ ಎಂದು ಮುಟ್ಟಿ ನೋಡುತ್ತ. "ಆದ್ರೆ ಇಳಿಯೋವಾಗ ನೀವು ಹಿಂದೆ ನೋಡ್ಕೊಂಡೇ ಇಳೀಬೇಕು ಭಾವ. ಕೈ ನಾನು ಹಿಡ್ಕೋತೀನಿ."